ಮನೆಮಾತು ಕನ್ನಡ, ಶಾಲೆಮಾತು ಮರಾಠಿ: ಉಮರ್ಗಾ, ನಿಲಂಗಾ, ಉದಗೀರ ಭಾಗದ ಮಕ್ಕಳ ಮೊದಲ ಆರು ವರ್ಷಗಳು

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯು ಮೂರು ಪಾಲಾಯಿತು. ಬೀದರ, ಭಾಲ್ಕಿ, ಹುಮನಾಬಾದ್ ಮೊದಲಾದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೂ, ಜಹೀರಾಬಾದ್ ಮತ್ತು ನಾರಾಯಣಖೇಡಗಳು ಆಂಧ್ರಪ್ರದೇಶಕ್ಕೂ, ಅಹ್ಮದಪುರ, ನಿಲಂಗಾ ಮತ್ತು ಉದಗೀರಗಳು ಮುಂಬಯಿ ರಾಜ್ಯಕ್ಕೂ ಸೇರಿದವು. ಉಮರ್ಗಾ ತಾಲ್ಲೂಕು ತನ್ನ ಉಸ್ಮಾನಾಬಾದ್ ಜಿಲ್ಲೆಯೊಡನೆ ಮುಂಬಯಿಯ ಕಡೆಗೇ ಹೋಯಿತು. 1982ರಲ್ಲಿ ಲಾತೂರು ಜಿಲ್ಲೆ ರಚನೆಯಾದಾಗ ನಿಲಂಗಾ, ಉದಗೀರಗಳು ಅದರಲ್ಲಿ ಸೇರಿದವು. ಈ ಲಾತೂರೇ ರಾಷ್ಟ್ರಕೂಟರು ತಮ್ಮ ಬಿರುದಿನಲ್ಲಿ ಹೇಳಿಕೊಂಡ ಲಟ್ಟಲೂರು. ಕವಿರಾಜಮಾರ್ಗವು ಕನ್ನಡ ನಾಡಿನ ಉತ್ತರದ ಎಲ್ಲೆಯಾಗಿ ಗುರುತಿಸುವ ಗೋದಾವರಿಯು ಇಲ್ಲಿಂದ ಇನ್ನೂ ಬಡಗಣಕ್ಕಿದೆ. ಇವೆಲ್ಲ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಪರಿಚಿತವಾದ ಸಂಗತಿಗಳು. ಗಡಿಯ ಚರ್ಚೆಯಲ್ಲಿ ಸಾಮಾನ್ಯವಾಗಿ ಮರೆಯಾಗುವುದು ಬೇರೊಂದು ಸಂಗತಿ. ಈ ಮೂರು ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಇಂದಿಗೂ ಮಗು ಅವ್ವನ ಬಾಯಿಂದ ಮೊದಲು ಕೇಳುವುದು ಕನ್ನಡವನ್ನು. ಆರನೆಯ ವಯಸ್ಸಿನಲ್ಲಿ ಕೈಗೆ ಬರುವ ಪುಸ್ತಕ ಮಾತ್ರ ಮರಾಠಿಯದು. ಮಹಾರಾಷ್ಟ್ರದ ಕನ್ನಡ ಮಾಧ್ಯಮ ಶಾಲೆಗಳು ಹೆಚ್ಚಾಗಿ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಮತ್ತು ಜತ್ತ ತಾಲ್ಲೂಕುಗಳಲ್ಲಿ ನೆಲೆಗೊಂಡಿವೆ. ನಿಲಂಗಾ, ಉದಗೀರಗಳ ಕನ್ನಡ ಮನೆಯ ಮಗುವಿಗೆ ಮರಾಠಿ ಶಾಲೆಯೇ ಸಹಜವಾದ ದಾರಿ.

ಮೊದಲ ತರಗತಿಯಲ್ಲಿ ಈ ಮಗು ಸುಮ್ಮನೆ ಕುಳಿತಿರುತ್ತದೆ. ಕೇಳಿದ್ದಕ್ಕೆ ಉತ್ತರಿಸುವುದಿಲ್ಲ. ವರ್ಷಾಂತ್ಯದ ಹೊತ್ತಿಗೆ ಅದಕ್ಕೆ ‘ಮಂದ’ ಎಂಬ ಹೆಸರು ಅಂಟಿಕೊಂಡಿರುತ್ತದೆ. ಒಮ್ಮೆ ಅಂಟಿದ ಈ ಹೆಸರು ಹತ್ತನೆಯ ತರಗತಿಯವರೆಗೂ ಬೆನ್ನು ಬಿಡದಿರುವುದುಂಟು. ಆ ಮೌನವು ಬುದ್ಧಿಯ ಕೊರತೆಯೋ, ದೇಹದ ಕೊರತೆಯೋ ಅಥವಾ ಎರಡು ಭಾಷೆಗಳ ನಡುವಿನ ಕಂದಕವೋ ಎಂಬುದನ್ನು ಬಿಡಿಸಿ ನೋಡುವುದು ಅಗತ್ಯವಾಗಿದೆ.

ದೇಹದಿಂದಲೇ ಆರಂಭಿಸಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ; ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಶೇ. 67.1ರಷ್ಟು ಮಂದಿಗೆ ರಕ್ತಹೀನತೆಯಿದೆ. ಇದು ಕೇವಲ ಆರೋಗ್ಯ ಇಲಾಖೆಯ ಚಿಂತೆಯಲ್ಲ. ಗ್ವಾಟೆಮಾಲಾದ ನಾಲ್ಕು ಹಳ್ಳಿಗಳಲ್ಲಿ 1969ರಿಂದ 1977ರವರೆಗೆ ಒಂದು ಪ್ರಯೋಗ ನಡೆಯಿತು. ಎರಡು ಹಳ್ಳಿಗಳ ಮಕ್ಕಳಿಗೆ ಪ್ರೋಟೀನು ತುಂಬಿದ ಗಂಜಿಯನ್ನೂ, ಉಳಿದೆರಡು ಹಳ್ಳಿಗಳವರಿಗೆ ಪ್ರೋಟೀನಿಲ್ಲದ ಪಾನಕವನ್ನೂ ಕೊಡಲಾಯಿತು. ದಶಕಗಳ ಅನಂತರ ಅದೇ ಮಕ್ಕಳನ್ನು ಹುಡುಕಿ ಪರೀಕ್ಷಿಸಿದಾಗ, ಮೂರು ವರ್ಷದೊಳಗೆ ಗಂಜಿ ಕುಡಿದವರು ಓದಿನ ಪರೀಕ್ಷೆಯಲ್ಲಿ ಮುಂದಿದ್ದರು; ಅವರಲ್ಲಿ ಹೆಣ್ಣುಮಕ್ಕಳು ಸರಾಸರಿ ಒಂದು ತರಗತಿಗಿಂತ ಹೆಚ್ಚು ಓದಿದ್ದರು. ಮೂರು ವರ್ಷ ದಾಟಿದ ಮೇಲೆ ಸಿಕ್ಕ ಗಂಜಿಗೆ ಅಷ್ಟು ಫಲವಿರಲಿಲ್ಲ.

ಮರಾಠವಾಡದಲ್ಲಿ ಹಸಿವು ಮಳೆಯನ್ನು ಅವಲಂಬಿಸಿದೆ. 2016ರ ಏಪ್ರಿಲಿನಲ್ಲಿ ಮೀರಜಿನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು ಎಂಬುದೊಂದೇ ಇಲ್ಲಿನ ಬರದ ಸ್ವರೂಪವನ್ನು ತಿಳಿಸಲು ಸಾಕು. ಮನಿಷಾ ಶಾ ಮತ್ತು ಬ್ರೈಸ್ ಸ್ಟೈನ್‌ಬರ್ಗ್ ಭಾರತದ ಹಳ್ಳಿಗಳ ಮಳೆಯ ಲೆಕ್ಕವನ್ನೂ ಮಕ್ಕಳ ಕಲಿಕೆಯ ಅಂಕಗಳನ್ನೂ ಹೋಲಿಸಿ 2017ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಗರ್ಭದಲ್ಲಿದ್ದಾಗಲೂ ಹುಟ್ಟಿದ ಮೊದಲ ವರ್ಷಗಳಲ್ಲಿಯೂ ಒಳ್ಳೆಯ ಮಳೆ ಕಂಡ ಮಕ್ಕಳು ಮುಂದೆ ಹೆಚ್ಚು ಚೆನ್ನಾಗಿ ಕಲಿಯುತ್ತಾರೆ ಎಂಬುದು ಅದರ ಒಂದು ತೀರ್ಮಾನ. ಇನ್ನೊಂದು ತೀರ್ಮಾನ ಇದಕ್ಕೆ ವಿರುದ್ಧವಾಗಿ ಕಾಣುತ್ತದೆ: ಶಾಲೆಯ ವಯಸ್ಸಿನಲ್ಲಿ ಮಳೆ ಚೆನ್ನಾದರೆ ಕಲಿಕೆ ಕುಗ್ಗುತ್ತದೆ. ಹೊಲದಲ್ಲಿ ಕೆಲಸ ಹೆಚ್ಚಿದಾಗ ಮಕ್ಕಳು ಶಾಲೆ ಬಿಟ್ಟು ಕೆಲಸಕ್ಕೆ ತೆರಳುವುದೇ ಇದಕ್ಕೆ ಕಾರಣ. ಮುಂಗಾರು ಕೈಕೊಟ್ಟ ವರ್ಷ ಹುಟ್ಟಿದ ಕೂಸು ಆರನೆಯ ವಯಸ್ಸಿನಲ್ಲಿ ತಡವರಿಸಿ ಓದಿದರೆ, ಅದರ ಕಾರಣ ಪಾಠದ ಕೋಣೆಯ ಹೊರಗೆ, ಆರು ವರ್ಷ ಹಿಂದೆ ಇರಬಹುದು.

ಮಳೆಯ ಕೊರತೆಯೇ ವಲಸೆಗೂ ಕಾರಣ. ಮರಾಠವಾಡದ ಬಡ ಕುಟುಂಬಗಳು ದೀಪಾವಳಿಯ ಸುಮಾರಿಗೆ ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೂ ಉತ್ತರ ಕರ್ನಾಟಕಕ್ಕೂ ಹೋಗುತ್ತವೆ, ಮರಳುವುದು ಬೇಸಗೆಗೆ. ಗಂಡಹೆಂಡಿರ ಜೋಡಿಯನ್ನು ಒಂದು ‘ಕೋಯ್ತಾ’ ಎಂದು ಎಣಿಸುತ್ತಾರೆ. ಕನ್ನಡದ ‘ಕೊಯ್’ ಧಾತುವನ್ನು ನೆನಪಿಗೆ ತರುವ ಈ ಕುಡುಗೋಲಿನ ಹೆಸರೇ ಎರಡು ಜೀವಗಳ ಲೆಕ್ಕವಾಗಿದೆ. ಆ ಲೆಕ್ಕದಲ್ಲಿ ಕೂಸು ಸೇರುವುದಿಲ್ಲ, ಆದರೆ ಗುಡಿಸಲಿಗೆ ಅದೂ ಹೋಗುತ್ತದೆ. ಅಂಗನವಾಡಿಯ ಹೆಸರಪಟ್ಟಿ ಊರಲ್ಲೇ ಉಳಿಯುತ್ತದೆ. ಸಕ್ಕರೆ ಕಾರ್ಖಾನೆಗಳ ಬಳಿ ನಡೆಸಿದ ‘ಸಾಖರಶಾಳಾ’ಗಳು ದೊಡ್ಡ ಮಕ್ಕಳಿಗೆ ಸ್ವಲ್ಪಮಟ್ಟಿಗೆ ಆಸರೆಯಾದವು, ಮೂರು ವರ್ಷದವರಿಗೆ ತಮ್ಮನನ್ನು ಎತ್ತಿಕೊಂಡ ಅಕ್ಕನೇ ಶಾಲೆ.

ಇನ್ನು ಮಾತಿನ ಸಂಗತಿ. ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ ಅಮೆರಿಕದ ಕಾನ್ಸಸ್‌ನಲ್ಲಿ 42 ಕುಟುಂಬಗಳ ಮಾತನ್ನು ದಾಖಲಿಸಿ 1995ರಲ್ಲಿ ಪುಸ್ತಕ ಬರೆದರು. ಬಡವರ ಮನೆಯ ಮಗು ಶಾಲೆಗೆ ಬರುವ ಮೊದಲೇ ಸ್ಥಿತಿವಂತರ ಮಗುವಿಗಿಂತ ಕೋಟಿಗಟ್ಟಲೆ ಕಡಿಮೆ ಪದಗಳನ್ನು ಕೇಳಿರುತ್ತದೆ ಎಂದು ಅವರು ಅಂದಾಜಿಸಿದರು. ಈ ಲೆಕ್ಕ ಜಗತ್ತಿನಾದ್ಯಂತ ಹಬ್ಬಿತು. ಅದಕ್ಕೆ ತಕ್ಕ ಆಕ್ಷೇಪವೂ ಬಂದಿತು: ತಾಯಿ ನೇರವಾಗಿ ಮಗುವಿಗೆ ಆಡಿದ ಮಾತನ್ನಷ್ಟೇ ಎಣಿಸಿದರೆ, ಅಜ್ಜಿ, ಚಿಕ್ಕಮ್ಮ, ನೆರೆಯವರು ಸುತ್ತ ಆಡುವ ಮಾತು ಎಲ್ಲಿ ಹೋಯಿತು? ಗಡಿಭಾಗದ ಮನೆಗೆ ಈ ಆಕ್ಷೇಪವೇ ಹೆಚ್ಚು ಒಪ್ಪುತ್ತದೆ. ಬೀಸುವಾಗಿನ ಹಾಡು, ಒಗಟು, ಭಜನೆ, ವಚನ, ಕಟ್ಟೆಯ ಮೇಲಿನ ಹರಟೆ ಇವುಗಳ ನಡುವೆ ಬೆಳೆದ ಕೂಸು ಪದಗಳ ಬಡತನದಲ್ಲಿ ಬೆಳೆದಿಲ್ಲ. ಅದರ ಸಂಪತ್ತು ಕನ್ನಡದಲ್ಲಿದೆ, ಅದನ್ನು ಅಳೆಯುವ ಶಿಕ್ಷಕರಿಗೆ ಕನ್ನಡ ಬಾರದು. ಕೊರತೆ ಎಂದು ಬರೆದಿಡಲಾಗುವ ಬಹುಪಾಲು ಸಂಗತಿ ವಾಸ್ತವವಾಗಿ ಅಳತೆಗೋಲಿನ ಕೊರತೆ.

ಆದರೂ ಗಡಿಯ ಮಗುವಿಗೆ ಮರಾಠಿ ಪೂರ್ಣ ಅಪರಿಚಿತವೇನಲ್ಲ. ಓಣಿಯಲ್ಲಿ, ಅಂಗಡಿಯಲ್ಲಿ ಅದು ಕಿವಿಗೆ ಬಿದ್ದೇ ಇರುತ್ತದೆ. ‘ಇವನಿಗೆ ಮರಾಠಿ ಬರುತ್ತದೆ, ಓದು ಮಾತ್ರ ಬರುವುದಿಲ್ಲ’ ಎಂಬ ದೂರು ಹುಟ್ಟುವುದು ಇಲ್ಲಿಂದಲೇ. ಜಿಮ್ ಕಮಿನ್ಸ್ ಎಂಬ ವಿದ್ವಾಂಸರು 1979ರಲ್ಲಿ ಮಾಡಿದ ಭೇದ ಇಲ್ಲಿ ಉಪಯುಕ್ತವಾದುದು: ಆಟದ ಬಯಲಿನಲ್ಲಿ ನಡೆಯುವ ಮಾತಿನ ಬಲ ಬೇರೆ, ಪಾಠವನ್ನು ತಿಳಿಯಲು ಬೇಕಾದ ಭಾಷೆಯ ಬಲ ಬೇರೆ. ಮೊದಲನೆಯದು ಬೇಗ ಬರುತ್ತದೆ. ಎರಡನೆಯದಕ್ಕೆ ವರ್ಷಗಳು ಬೇಕು.

ವ್ಯಾಕರಣದಿಂದ ಒಂದು ನಿದರ್ಶನ ಕೊಡಬಹುದು. ಗಾಳಿ ಬಂತು, ಬಂಡಿ ಬಂತು, ಪತ್ರ ಬಂತು ಎನ್ನುವ ಮಗುವಿಗೆ ಪುಸ್ತಕದ ಮರಾಠಿಯು ವಾರಾ ಆಲಾ, ಗಾಡೀ ಆಲೀ, ಪತ್ರ ಆಲೇ ಎಂದು ಕಲಿಸುತ್ತದೆ. ಕನ್ನಡದಲ್ಲಿ ಲಿಂಗವು ಲೋಕವನ್ನು ಅನುಸರಿಸಿದರೆ, ಮರಾಠಿಯಲ್ಲಿ ಕಲ್ಲು ಪುಲ್ಲಿಂಗ, ಗೋಡೆ ಸ್ತ್ರೀಲಿಂಗ, ಮನೆ ನಪುಂಸಕಲಿಂಗ. ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಮಾಡಿದ ಅಧ್ಯಯನ (1971) ಇದಕ್ಕೊಂದು ಸ್ವಾರಸ್ಯವಾದ ತಿರುವನ್ನು ಕೊಡುತ್ತದೆ. ತಲೆಮಾರುಗಳ ಸಹವಾಸದಿಂದ ಆ ಊರಿನ ಮರಾಠಿಯೇ ಕನ್ನಡದ ಲಿಂಗವ್ಯವಸ್ಥೆಯನ್ನು ಒಪ್ಪಿಕೊಂಡು, ಮನುಷ್ಯರಲ್ಲದ್ದೆಲ್ಲವನ್ನೂ ನಪುಂಸಕದಲ್ಲಿ ಹೇಳುತ್ತಿತ್ತು. ಎಂದರೆ ಓಣಿಯ ಮರಾಠಿಯೂ ಪುಸ್ತಕದ ಮರಾಠಿಯೂ ಒಂದೇ ಆಗಿರಬೇಕಿಲ್ಲ. ಇಂತಹ ಊರಿನಲ್ಲಿ ಓಣಿಯಲ್ಲಿ ಸರಿಯಾಗಿದ್ದ ಮಾತು ಹಲಗೆಯ ಮೇಲೆ ತಪ್ಪಾಗುತ್ತದೆ.

ಎಣಿಕೆಯಲ್ಲಿ ಈ ಕಷ್ಟ ಇನ್ನೂ ಸ್ಪಷ್ಟ. ಇಪ್ಪತ್ತರ ಮೇಲೆ ಕನ್ನಡದ ಸಂಖ್ಯಾನಾಮಗಳು ತಮ್ಮ ರಚನೆಯನ್ನು ತಾವೇ ಹೇಳುತ್ತವೆ: ಇಪ್ಪತ್ತು, ಅದರ ಮೇಲೆ ಒಂದು, ಇಪ್ಪತ್ತೊಂದು, ಐವತ್ತು, ಅದರ ಮೇಲೆ ಎರಡು, ಐವತ್ತೆರಡು. ಮರಾಠಿಯಲ್ಲಿ 21 ‘ಏಕವೀಸ್’, 52 ‘ಬಾವನ್ನ’. ಬಿಡಿ ಮೊದಲು, ಹತ್ತು ಆಮೇಲೆ. ಹತ್ತರ ರೂಪವೂ ಬದಲಾಗಿರುತ್ತದೆ. 29 ‘ಏಕೋಣತೀಸ್’, ಎಂದರೆ ಮೂವತ್ತಕ್ಕೆ ಒಂದು ಕಡಿಮೆ. ನೂರರವರೆಗಿನ ಹೆಸರುಗಳನ್ನು ಬಹುಮಟ್ಟಿಗೆ ಒಂದೊಂದಾಗಿ ಬಾಯಿಪಾಠ ಮಾಡಬೇಕು. (ಕನ್ನಡದ ‘ಒಂಬತ್ತು’ ಕೂಡ ಮೂಲದಲ್ಲಿ ಹತ್ತಕ್ಕೆ ಒಂದು ಕಡಿಮೆ ಎಂಬ ಅರ್ಥದ್ದೇ, ಆದರೆ ಮಗುವಿನ ಪಾಲಿಗೆ ಅದು ಒಂದು ಬಿಡಿ ಹೆಸರಷ್ಟೆ.) ಕೆವಿನ್ ಮಿಲ್ಲರ್ ಮತ್ತು ಸಂಗಡಿಗರು 1995ರಲ್ಲಿ ಚೀನಾ ಮತ್ತು ಅಮೆರಿಕದ ಎಳೆಯ ಮಕ್ಕಳನ್ನು ಹೋಲಿಸಿದಾಗ, ಹತ್ತರವರೆಗಿನ ಎಣಿಕೆಯಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಹತ್ತು ದಾಟಿದೊಡನೆ, ಹೆಸರುಗಳು ಪಾರದರ್ಶಕವಾಗಿರುವ ಚೀನೀ ಭಾಷೆಯ ಮಕ್ಕಳು ಮುಂದಾದರು.

ಮಹಾರಾಷ್ಟ್ರದಲ್ಲಿ ಈ ವಿಷಯ ಸಾರ್ವಜನಿಕ ವಿವಾದವೇ ಆಯಿತು. 2019ರಲ್ಲಿ ಬಾಲಭಾರತಿಯ ಎರಡನೆಯ ತರಗತಿಯ ಗಣಿತ ಪುಸ್ತಕವು ‘ಏಕವೀಸ್’ ಜೊತೆಗೆ ‘ವೀಸ್ ಏಕ್’ ಎಂದು ಬಿಡಿಸಿ ಓದುವ ಕ್ರಮವನ್ನು ತಂದಿತು. ಗಣಿತಜ್ಞೆ ಮಂಗಲಾ ನಾರ್ಳೀಕರ ಅದನ್ನು ಸಮರ್ಥಿಸಿದರು. ಭಾಷೆಯನ್ನು ಕೆಡಿಸುತ್ತಿದ್ದಾರೆ ಎಂದು ಹಲವರು ಗೇಲಿ ಮಾಡಿದರು. ಗೇಲಿ ಮಾಡಿದವರಿಗೆ ಹೊಳೆಯದ ಮಾತೊಂದಿದೆ. ಮರಾಠಿ ಮಕ್ಕಳ ಅನುಕೂಲಕ್ಕಾಗಿ ಹೊಸದಾಗಿ ಕಟ್ಟಿದ ‘ವೀಸ್ ಏಕ್’ ಎಂಬುದು ನಿಲಂಗಾದ ಕನ್ನಡ ಮನೆಯ ಮಗುವಿನ ನಾಲಗೆಯ ಮೇಲೆ ‘ಇಪ್ಪತ್ತೊಂದು’ ಎಂಬ ರೂಪದಲ್ಲಿ ಮೊದಲೇ ಇತ್ತು. ಶಾಲೆ ಅದನ್ನು ಕೇಳಿಸಿಕೊಂಡಿದ್ದರೆ ಗಣಿತದಲ್ಲಿ ಈ ಮಗುವೇ ಒಂದು ಹೆಜ್ಜೆ ಮುಂದಿರುತ್ತಿತ್ತು.

ಲಿಪಿಯ ಮಟ್ಟಿಗೆ ಪರಿಸ್ಥಿತಿ ಅಷ್ಟು ಕಠಿಣವಲ್ಲ. ಕನ್ನಡದ ಕಾಗುಣಿತವೂ ಮರಾಠಿಯ ಬಾರಾಖಡಿಯೂ ಒಂದೇ ತತ್ತ್ವದವು. ಒಂದರಲ್ಲಿ ಅಕ್ಷರದ ಮರ್ಮ ತಿಳಿದವರಿಗೆ ಇನ್ನೊಂದು ಸುಲಭ. ಸೋನಾಲಿ ನಾಗ್ ಕನ್ನಡ ಮಕ್ಕಳ ಓದನ್ನು ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಇಂಗ್ಲಿಷಿನಂತಹ ವರ್ಣಮಾಲೆಗಳಿಗಿಂತ ಅಕ್ಷರಮಾಲೆಯ ಕಲಿಕೆಗೆ ಹೆಚ್ಚು ಕಾಲ ಬೇಕು ಎಂದು ತೋರಿಸಿತು. ಮನೆಮಾತಿನಲ್ಲಿ ಓದುವ ಮಗುವಿಗೇ ಇಷ್ಟು ಕಾಲ ಬೇಕಾದರೆ, ಪರಮಾತಿನಲ್ಲಿ ಓದುವ ಮಗುವಿಗೆ ಮೊದಲ ವರ್ಷದಲ್ಲೇ ತೀರ್ಪು ಕೊಡುವುದು ಅನ್ಯಾಯ. ಮರಾಠಿಯ ಬರೆಹದಲ್ಲಿ ಹ್ರಸ್ವ ‘ಎ’, ‘ಒ’ ಇಲ್ಲದಿರುವುದರಿಂದ, ಮುಂದೆ ಕನ್ನಡ ಬರೆಯ ಹೊರಟವರು ‘ಕೊಡು’ ಮತ್ತು ‘ಕೋಡು’ಗಳಲ್ಲಿ ಎಡವಬಹುದು. ಗಡಿಯಾಚೆಯಿಂದ ಬಂದು ಕನ್ನಡ ಐಚ್ಛಿಕ ತೆಗೆದುಕೊಂಡ ಸಹಪಾಠಿಗಳ ಬರೆಹದಲ್ಲಿ ಇಂತಹ ತಪ್ಪು ಕಂಡರೆ ಅದರ ಮೂಲ ಇದೇ.

ಹಾಗಾದರೆ ಮೂರರಿಂದ ಆರರವರೆಗಿನ ಕಾಲದಲ್ಲಿ ಏನು ಸಾಧ್ಯ? ಅಮೆರಿಕದ ಮಿಶಿಗನ್‌ನಲ್ಲಿ 1962ರಿಂದ 1967ರವರೆಗೆ ನಡೆದ ಪೆರ್ರಿ ಶಾಲಾಪೂರ್ವ ಪ್ರಯೋಗದಲ್ಲಿ 123 ಬಡ ಮಕ್ಕಳಿದ್ದರು. ಅವರಲ್ಲಿ 58 ಮಂದಿಗೆ ಒಳ್ಳೆಯ ಶಿಶುಶಾಲೆಯೂ ಮನೆಗೇ ಬಂದು ತಾಯಂದಿರೊಡನೆ ಮಾತಾಡುವ ಶಿಕ್ಷಕರೂ ದೊರೆತರು. ಬುದ್ಧಿಮಾಪನದಲ್ಲಿ ಕಂಡ ಏರಿಕೆ ಕೆಲವೇ ವರ್ಷಗಳಲ್ಲಿ ಕರಗಿತು. ಆದರೆ ಪ್ರೌಢಶಾಲೆ ಮುಗಿಸಿದವರೂ ನಲವತ್ತರ ವಯಸ್ಸಿನಲ್ಲಿ ಉದ್ಯೋಗದಲ್ಲಿದ್ದವರೂ ಈ ಗುಂಪಿನಲ್ಲೇ ಹೆಚ್ಚು. ಅಂಕಗಳಲ್ಲಿ ಕಾಣದ ಯಾವುದೋ ಒಂದು, ಬಹುಶಃ ಶಾಲೆ ತನ್ನದೆಂಬ ಭಾವ, ಉಳಿದುಕೊಂಡಿತ್ತು.

ಇದಕ್ಕೆ ಹೊರನಾಡಿನ ಮಾದರಿಯೇ ಬೇಕಿಲ್ಲ. ‘ಅಂಗನವಾಡಿ’ ಎಂಬ ಹೆಸರು ಹುಟ್ಟಿದ್ದು ಮಹಾರಾಷ್ಟ್ರದಲ್ಲಿಯೇ, ತಾರಾಬಾಯಿ ಮೋಡಕರ ಕೆಲಸದಿಂದ. ಅವರು ಅನುತಾಯಿ ವಾಘರೊಡನೆ 1945ರಲ್ಲಿ ಬೋರ್ಡಿಯಲ್ಲಿ, ಅನಂತರ ಕೋಸಬಾಡದಲ್ಲಿ ವಾರಲಿ ಮಕ್ಕಳ ನಡುವೆ ದುಡಿದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕೆಂಬುದು ಅವರ ನಿಲುವು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಆ ಹೆಸರು ದೇಶಕ್ಕೆಲ್ಲ ಹಬ್ಬಿತು. ಹೆಸರು ಬಂದಷ್ಟು ಸುಲಭವಾಗಿ ಅಂಗಳದ ಮಾತು ಒಳಗೆ ಬರಲಿಲ್ಲ. ಆದರೂ ಅಂಗನವಾಡಿಯ ತಾಯಿ ಅದೇ ಊರಿನವಳಾಗಿರುವುದರಿಂದ, ಆಕೆಗೆ ಕನ್ನಡ ಬರುವ ಸಂಭವ ಶಾಲೆಯ ಶಿಕ್ಷಕರಿಗಿಂತ ಹೆಚ್ಚು. ಎರಡೂ ಮಾತಿನಲ್ಲಿ ಕಥೆ ಹೇಳಲು, ಎರಡೂ ಮಾತಿನಲ್ಲಿ ಎಣಿಸಲು ಆಕೆಗೆ ಅನುಮತಿ ಮತ್ತು ನಾಲ್ಕು ಚಿತ್ರಪುಸ್ತಕಗಳು ದೊರೆತರೆ ಸಾಕು. ಹೊಸ ಕಟ್ಟಡ ಬೇಕಿಲ್ಲ.

ಕಾನೂನಿನ ಬೆಂಬಲವೂ ಇದೆ. ರಾಜ್ಯ ಪುನರ್ವಿಂಗಡಣೆಯ ವರ್ಷವೇ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕನಿಷ್ಠ ಐದನೆಯ ತರಗತಿಯವರೆಗೆ, ಸಾಧ್ಯವಿದ್ದಲ್ಲೆಲ್ಲ, ಮನೆಮಾತಿನ ಮಾಧ್ಯಮವಿರಲೆನ್ನುತ್ತದೆ. ಆದರೆ ಪಾಲಕರು ಮರಾಠಿ ಬೇಡವೆನ್ನುತ್ತಿಲ್ಲ; ತಾಲ್ಲೂಕು ಕಚೇರಿ, ಕಾಲೇಜು, ನೌಕರಿ ಎಲ್ಲವೂ ಮರಾಠಿಯಲ್ಲಿರುವಾಗ ಬೇಡವೆನ್ನುವುದು ವಿವೇಕವೂ ಅಲ್ಲ. ನಿಜಾಮನ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಆಗಿನ ಬಿಕ್ಕಟ್ಟು ನಿಷೇಧದ್ದು. ಇಂದು ಉದಗೀರದಲ್ಲಿ ಕನ್ನಡವನ್ನು ಯಾರೂ ನಿಷೇಧಿಸಿಲ್ಲ, ಅದು ತರಗತಿಯೊಳಗೆ ಇದೆಯೆಂದು ಯಾರೂ ಗಮನಿಸಿಲ್ಲ, ಅಷ್ಟೆ.

ಈ ಗಮನಿಸುವ ಕೆಲಸವನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಮಾಡಬಹುದು. ಮಹಾರಾಷ್ಟ್ರದ ಶಾಲೆ ಬಿಟ್ಟ ಪ್ರಮಾಣಪತ್ರದಲ್ಲಿ ‘ಮಾತೃಭಾಷಾ’ ಎಂಬ ಒಂದು ಅಂಕಣವಿದೆ. ಕ್ಷೇತ್ರಕಾರ್ಯಕ್ಕೆ ಹೋದವರು ಕನ್ನಡ ಮನೆಗಳ ಮಕ್ಕಳ ಪ್ರಮಾಣಪತ್ರದಲ್ಲಿ ಅಲ್ಲಿ ಏನು ಬರೆದಿದೆ ಎಂದು ನೋಡಬೇಕು; ಅದೇ ಮನೆಯಲ್ಲಿ ಅವ್ವ ಮಗುವನ್ನು ಊಟಕ್ಕೆ ಯಾವ ಮಾತಿನಲ್ಲಿ ಕರೆಯುತ್ತಾಳೆ ಎಂಬುದನ್ನು ಕೇಳಿ ಪಕ್ಕದಲ್ಲಿ ಬರೆದುಕೊಳ್ಳಬೇಕು.