ಮ್ಯಾನಿಫೋಲ್ಡಿನ ಗ್ಯಾಸ್ಕೆಟ್

ಮೋಟಾರು ಕಾರಿನ ಎಂಜಿನ್ನಿನಲ್ಲಿ ಉರಿದ ಅನಿಲಗಳನ್ನು ಹೊರಗೊಯ್ಯುವ ಕವಲುಕೊಳವೆಯೇ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಅದಕ್ಕೂ ಸಿಲಿಂಡರ್ ಹೆಡ್ಡಿಗೂ ನಡುವೆ ಗ್ಯಾಸ್ಕೆಟ್ ಎಂಬ ತೆಳುಹಾಳೆಯೇಕೆ? ಅರ್ಧ ಮೀಟರ್ ಉದ್ದದ ಎರಕದ ಕಬ್ಬಿಣದ ಮ್ಯಾನಿಫೋಲ್ಡಿನ ಉಷ್ಣತೆ 500 ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿದರೆ ಅದು ಸುಮಾರು 3 ಮಿಲಿಮೀಟರ್ ಹಿಗ್ಗುವುದು; ನೀರಿನಿಂದ ತಣಿಯುವ ಅಲ್ಯೂಮಿನಿಯಮ್ ಹೆಡ್ಡಾದರೋ 1 ಮಿಲಿಮೀಟರನ್ನೂ ಮುಟ್ಟದು. ಹೀಗೆ ಒಂದರ ಮೇಲೊಂದು ಜಾರಿದರೂ ಸಂದು ಬಿಡದಂತೆ ಕಾಯುವುದೇ ಗ್ಯಾಸ್ಕೆಟ್ಟಿನ ಕೆಲಸ. ಅದು ಸೀಳಿದರೆ, ತಣ್ಣಗಿದ್ದ ಎಂಜಿನ್ನನ್ನು ಹೊರಡಿಸಿದೊಡನೆ ಟಿಕ್ ಟಿಕ್ ಸದ್ದು ಕೇಳುವುದು. ಬಿಸಿಯೇರಿ ಲೋಹ ಹಿಗ್ಗಿದಾಗ ಅಡಗುವುದೂ ಉಂಟು. ಸದ್ದಡಗಿತೆಂದು ಸುಮ್ಮನಿರಲಾಗದು: ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕಾರಿನೊಳಗೆ ನುಸುಳಿದರೆ ಪ್ರಾಣಾಪಾಯ.

ಬದಲಿಸುವಾಗ ಎಂಜಿನ್ನು ಪೂರ್ತಿ ತಣಿದಿರಬೇಕು. ಲೋಹಕ್ಕೆ ಗೀರು ಬೀಳದಂತೆ ಹಳೆಯ ಹಾಳೆಯನ್ನು ತೆಗೆಯಬೇಕು. ಹಳೆಯ ಗಾಡಿಗಳಲ್ಲಿ ಅದು ಕಲ್ನಾರಿನದಾಗಿರಬಹುದು, ಒಣಗಿದ್ದಂತೆಯೇ ಕೆರೆಯಬಾರದು. ಹೊಸದನ್ನಿಟ್ಟು ಬೋಲ್ಟುಗಳನ್ನು ನಡುವಿನಿಂದ ಅಂಚಿನತ್ತ, ಎರಡು ಮೂರು ಸುತ್ತುಗಳಲ್ಲಿ ಬಿಗಿಯಬೇಕು. ಒಂದು ತುದಿಯನ್ನೇ ಮೊದಲು ಬಿಗಿದರೆ ಇನ್ನೊಂದು ತುದಿ ಎದ್ದು ನಿಲ್ಲುವುದು.