ಜೋಡು ತಂತಿಯ ವೇಗ

ರಾಯಚೂರಿನ ಮಹನೀಯರೆ,

ದೇವದುರ್ಗ, ಮಾನ್ವಿಗಳ ಮದುವೆಗಳಲ್ಲಿ ತೆಗೆದ ಚಿತ್ರಗಳನ್ನೂ ವೀಡಿಯೋಗಳನ್ನೂ ಮನೆಯ ಫೈಲ್ ಸರ್ವರಿನಲ್ಲಿ ಸಂಗ್ರಹಿಸುತ್ತಿರುವ ತಾವು, ಅದರ ಎರಡು ಗಿಗಾಬಿಟ್ ಪೋರ್ಟುಗಳನ್ನು ಒಂದುಗೂಡಿಸಿದ ಮೇಲೂ ನಕಲಿನ ವೇಗವು ಸೆಕೆಂಡಿಗೆ 110 ಮೆಗಾಬೈಟುಗಳನ್ನು ಮೀರದಿರಲು ಕಾರಣವೇನೆಂದು ಕೇಳಿರುವಿರಿ. ತಮ್ಮ ಉಪಕರಣವು ನಿರ್ದೋಷವಾದುದು.

2000ನೆಯ ಇಸವಿಯಲ್ಲಿ 802.3ಎಡಿ ಎಂಬ ಮಾನಕವಾಗಿ ಅಂಗೀಕೃತವಾಗಿ, 2008ರಲ್ಲಿ 802.1ಎಎಕ್ಸ್ ಎಂಬ ನಾಮಾಂತರವನ್ನು ಪಡೆದ, ಪೋರ್ಟುಗಳನ್ನು ಒಂದುಗೂಡಿಸುವ ಈ ವಿಧಾನವು, ಪ್ಯಾಕೆಟ್ಟುಗಳ ಅನುಕ್ರಮವು ಅಸ್ತವ್ಯಸ್ತವಾಗಬಾರದೆಂಬ ಉದ್ದೇಶದಿಂದ, ಕಳುಹಿಸುವವನ ಹಾಗೂ ಪಡೆಯುವವನ ವಿಳಾಸಗಳನ್ನು ಗಣಿಸಿ, ಅವರಿಬ್ಬರ ಒಂದು ಸಂವಾದವನ್ನು ಆದ್ಯಂತವಾಗಿ ಒಂದೇ ತಂತಿಗೆ ನಿಯೋಜಿಸುವುದು. ರಾಯಚೂರಿನಿಂದ ಹೊರಟ ಒಂದೇ ಬಸ್ಸು ದೇವದುರ್ಗದ ಹಾದಿಯನ್ನೂ ಮಾನ್ವಿಯ ಹಾದಿಯನ್ನೂ ಏಕಕಾಲದಲ್ಲಿ ಹಿಡಿಯಲಾರದಷ್ಟೆ. ಹತ್ತಾರು ಜನರು ಒಮ್ಮೆಗೇ ಬಳಸುವ ಕಚೇರಿಗೆ ಇದರಿಂದ ಪ್ರಯೋಜನವುಂಟು, ಒಂದು ತಂತಿಯು ಕಡಿದರೂ ಕಾರ್ಯವು ನಿಲ್ಲದೆಂಬುದೂ ಗುಣವೇ ಸರಿ. ಆದರೆ ಒಬ್ಬರೇ ಕುಳಿತು ಸಂಕಲನ ಮಾಡುವ ಮನೆಗೆ ಇದು ಬಹುಮಟ್ಟಿಗೆ ಅಲಂಕಾರ.

ಒಂದೇ ಕಂಪ್ಯೂಟರಿಗೆ ಎರಡೂ ತಂತಿಗಳ ವೇಗವು ಬೇಕೆಂದಾದರೆ, ಈ ಜೋಡಣೆಯನ್ನು ಬಿಚ್ಚಿ, ವಿಂಡೋಸ್ 8ರೊಡನೆ 2012ರಲ್ಲಿ ಬಂದ ಎಸ್‌ಎಂಬಿ ಮಲ್ಟಿಚಾನೆಲ್ ಸೌಕರ್ಯವನ್ನು ಸರ್ವರಿನಲ್ಲಿ ಚಾಲನೆಗೊಳಿಸಬಹುದು. ಕಂಪ್ಯೂಟರಿಗೂ ಆಗ ಎರಡು ಪೋರ್ಟುಗಳಿರಬೇಕು. ನನ್ನ ಮತದಲ್ಲಿ ಇದಕ್ಕಿಂತ ಸರಳವಾದುದು 2.5 ಗಿಗಾಬಿಟ್ ಕಾರ್ಡುಗಳು ಹಾಗೂ ತತ್ಸಮಾನವಾದ ಸ್ವಿಚ್ಚು. ಗೋಡೆಯೊಳಗಿನ ಕ್ಯಾಟ್ 5ಇ ತಂತಿಯೇ ಅದಕ್ಕೆ ಸಾಕು.

ಮಾನ್ವಿಯ ಗಿರಾಕಿಗಳಿಗೆ ಅಂತರ್ಜಾಲದ ಮೂಲಕ ಕಳುಹಿಸುವ ವೇಗವು ಇವಾವುದರಿಂದಲೂ ವೃದ್ಧಿಸದು. ಹಣವು ಪರಿಮಿತವಾಗಿದ್ದಲ್ಲಿ, ಇದೆಲ್ಲಕ್ಕೂ ಮೊದಲು ಒಂದು ಯುಪಿಎಸ್ ಅನ್ನೂ, ಚಿತ್ರಗಳ ಎರಡನೆಯ ಪ್ರತಿಗಾಗಿ ಪ್ರತ್ಯೇಕವಾದೊಂದು ಹಾರ್ಡ್ ಡಿಸ್ಕನ್ನೂ ದಯವಿಟ್ಟು ಕೊಳ್ಳಿರಿ.