ಚಲಚ್ಚಿತ್ರದ ವಿಮಾನ, ಚರಿತ್ರೆಯ ವಿಮಾನ

ಹಳೆಯ ಯುದ್ಧಚಿತ್ರಗಳನ್ನು ನೋಡುವಾಗ ನಮ್ಮ ಗಮನವೆಲ್ಲ ಕಥಾನಾಯಕನ ಮೇಲೆಯೇ ಇರುತ್ತದೆ; ಅವನು ಏರಿದ ವಿಮಾನವನ್ನಾಗಲಿ, ಅವನಿಗೆ ಎದುರಾಗಿ ಬಂದ ಟ್ಯಾಂಕನ್ನಾಗಲಿ ಪರೀಕ್ಷಿಸಿ ನೋಡುವವರು ಕಡಮೆ. ಆದರೆ ಒಂದು ಕಾಳಗವು ಹೀಗೆಯೇ ಏಕೆ ನಡೆಯಿತೆಂಬುದಕ್ಕೆ ಕಾರಣವು ಅನೇಕ ವೇಳೆ ಆಯುಧದ ತೂಕದಲ್ಲಿ, ಅದರ ಎಂಜಿನಿನಲ್ಲಿ ಅಡಗಿರುತ್ತದೆ. ಆಯುಧವನ್ನು ಬದಲಿಸಿದರೆ ಆ ಕಾರಣವೇ ತೆರೆಯಿಂದ ಮರೆಯಾಗಬಹುದು.

1969ರಲ್ಲಿ ಬಿಡುಗಡೆಯಾದ ‘ಬ್ಯಾಟ್ಲ್ ಆಫ್ ಬ್ರಿಟನ್’ ಎಂಬ ಚಿತ್ರವನ್ನು ತೆಗೆದುಕೊಳ್ಳೋಣ. 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಬ್ರಿಟಿಷ್ ಮತ್ತು ಜರ್ಮನ್ ವಾಯುಪಡೆಗಳಿಗೆ ನಡೆದ ಹೋರಾಟವೇ ಅದರ ವಸ್ತು. ನಿರ್ದೇಶಕ ಗೈ ಹ್ಯಾಮಿಲ್ಟನ್ ಬರಿಯ ಬೊಂಬೆಗಳಿಂದ ತೃಪ್ತನಾಗದೆ ನಿಜವಾದ ವಿಮಾನಗಳನ್ನೇ ಹಾರಿಸಿದನು. ಬ್ರಿಟನ್ನಿನ ಸ್ಪಿಟ್‌ಫೈರುಗಳು ದೊರೆತವು. ಜರ್ಮನಿಯ ಮೆಸ್ಸರ್‌ಶ್ಮಿಟ್ 109 ವಿಮಾನಗಳು ಎಲ್ಲಿಂದ ಬರಬೇಕು? ಯುದ್ಧಕಾಲದಲ್ಲಿ ಮೂವತ್ತು ಸಾವಿರಕ್ಕೂ ಮಿಗಿಲಾಗಿ ತಯಾರಾಗಿದ್ದ ಅವುಗಳಲ್ಲಿ ಹಾರಬಲ್ಲವು ಆಗ ಉಳಿದೇ ಇರಲಿಲ್ಲವೆನ್ನಬಹುದು. ಉತ್ತರ ಸಿಕ್ಕಿದ್ದು ಸ್ಪೇನಿನಲ್ಲಿ. ಆ ದೇಶವು ಯುದ್ಧದ ಸಮಯದಲ್ಲಿ ಈ ವಿಮಾನವನ್ನು ತಯಾರಿಸುವ ಹಕ್ಕನ್ನು ಪಡೆದಿತ್ತು. ಜರ್ಮನಿಯಿಂದ ಎಂಜಿನಿಲ್ಲದ ಒಡಲುಗಳು ಬಂದವು. ಎಂಜಿನುಗಳು ಬರುವುದರೊಳಗೆ ಜರ್ಮನಿಯೇ ಸೋತಿತು. ಕೊನೆಗೆ 1954ರಲ್ಲಿ ಸ್ಪೇನಿನವರು ಆ ಒಡಲಿಗೆ ಬ್ರಿಟನ್ನಿನ ರೋಲ್ಸ್-ರಾಯ್ಸ್ ಮರ್ಲಿನ್ ಎಂಜಿನನ್ನು ಜೋಡಿಸಿದರು. ಮರ್ಲಿನ್ ಎಂದರೆ 1940ರಲ್ಲಿ ಸ್ಪಿಟ್‌ಫೈರಿನ ಎಂಜಿನೇ! ಅದರಿಂದ ವಿಮಾನದ ಗಲ್ಲವು ಉಬ್ಬಿದಂತಾಗಿ, ಅದಕ್ಕೆ ‘ಬುಚೋನ್’, ಎಂದರೆ ಎದೆಯುಬ್ಬಿದ ಪಾರಿವಾಳ, ಎಂದು ಹೆಸರಾಯಿತು. (1935ರಲ್ಲಿ ಮೆಸ್ಸರ್‌ಶ್ಮಿಟ್ 109ರ ಮೊಟ್ಟಮೊದಲ ಮಾದರಿ ಹಾರಿದ್ದೂ ರೋಲ್ಸ್-ರಾಯ್ಸ್ ಎಂಜಿನಿನಿಂದಲೇ ಎಂಬುದು ವಿನೋದದ ಸಂಗತಿ.)

ಈ ವೇಷವನ್ನು ಗುರುತಿಸುವುದು ಕಷ್ಟವಲ್ಲ. ಜರ್ಮನರ ಡೈಮ್ಲರ್-ಬೆನ್ಜ್ ಎಂಜಿನಿನಲ್ಲಿ ಹನ್ನೆರಡು ಸಿಲಿಂಡರುಗಳು ಎರಡು ಸಾಲಾಗಿ, ತಲೆಕೆಳಗಾಗಿ ಕೂತಿದ್ದವು. ಆದ್ದರಿಂದ ಹೊಗೆಯ ಕೊಳವೆಗಳು ಮೂತಿಯ ಕೆಳಭಾಗದಲ್ಲಿ ಕಾಣುತ್ತಿದ್ದವು. ಮರ್ಲಿನ್ನಿನಲ್ಲಿ ಸಿಲಿಂಡರುಗಳು ನೆಟ್ಟಗಿವೆ. ಕೊಳವೆಗಳು ಮೇಲುಗಡೆ ಇವೆ. ಚಿತ್ರದಲ್ಲಿ ‘ಜರ್ಮನ್’ ವಿಮಾನದ ಮೂತಿಯನ್ನು ನೋಡಿರಿ: ಕೊಳವೆಗಳ ಸಾಲು ಮೇಲಿದೆ. 1940ರ ವಿಮಾನಕ್ಕೆ ಮೂರೇ ಅಲಗುಗಳ ಪ್ರೊಪೆಲರು; ಇಲ್ಲಿ ನಾಲ್ಕು. ಚಿತ್ರ ತಯಾರಿಸಿದವರು ರೆಕ್ಕೆಯ ತುದಿಗಳನ್ನು ಕತ್ತರಿಸಿ, ಬಾಲಕ್ಕೆ ಹುಸಿ ಆಸರೆಕಡ್ಡಿಗಳನ್ನು ಕಟ್ಟಿ ಸಾಕಷ್ಟು ಶ್ರಮಪಟ್ಟರು. ಎಂಜಿನನ್ನು ಮಾತ್ರ ಬದಲಿಸಲಾಗಲಿಲ್ಲ.

ಹೊರನೋಟದ ಈ ದೋಷವು ಅಷ್ಟು ದೊಡ್ಡದಲ್ಲ. ಕಳೆದುಹೋದದ್ದು ಬೇರೆಯೇ ಇದೆ. 1940ರ ಮರ್ಲಿನ್ನಿಗೆ ಪೆಟ್ರೋಲು ಒದಗುತ್ತಿದ್ದುದು ತೇಲುಗುಂಡಿನ ಕಾರ್ಬ್ಯುರೇಟರಿನಿಂದ. ನೀರಿನ ತೊಟ್ಟಿಯಲ್ಲಿ ತೇಲುಗುಂಡು ನೀರಿನ ಮಟ್ಟವನ್ನು ಕಾಯುವಂತೆ ಇಲ್ಲಿ ಪೆಟ್ರೋಲಿನ ಮಟ್ಟವನ್ನು ಕಾಯುತ್ತದೆ. ವಿಮಾನದ ಮೂತಿಯನ್ನು ಥಟ್ಟನೆ ಕೆಳಕ್ಕೆ ತಿರುಗಿಸಿದರೆ ಏನಾಗುತ್ತದೆ? ಬಸ್ಸು ರಸ್ತೆಯ ಉಬ್ಬನ್ನು ವೇಗವಾಗಿ ದಾಟುವಾಗ ನಾವು ಆಸನದಿಂದ ಮೇಲಕ್ಕೇಳುವೆವಷ್ಟೆ. ಹಾಗೆಯೇ ಪೆಟ್ರೋಲು ಪಾತ್ರೆಯ ಮೇಲ್ಭಾಗಕ್ಕೆ ಹಾರುತ್ತದೆ. ಎಂಜಿನಿಗೆ ಮೊದಲು ಪೆಟ್ರೋಲೇ ಸಿಕ್ಕುವುದಿಲ್ಲ. ಮರುಕ್ಷಣವೇ, ತೇಲುಗುಂಡು ಸ್ಥಾನ ತಪ್ಪಿ ಕವಾಟವು ತೆರೆದುಕೊಂಡು, ಪೆಟ್ರೋಲು ಮಿತಿಮೀರಿ ನುಗ್ಗುತ್ತದೆ. ಎಂಜಿನು ಕೆಮ್ಮಿ, ಕಪ್ಪು ಹೊಗೆ ಕಾರಿ, ಶಕ್ತಿಗುಂದುತ್ತದೆ. ಜರ್ಮನ್ ಎಂಜಿನಿನಲ್ಲಾದರೋ ಪಂಪು ಪೆಟ್ರೋಲನ್ನು ಒತ್ತಡದಿಂದ ಒಂದೊಂದು ಸಿಲಿಂಡರಿಗೂ ನೇರವಾಗಿ ಚಿಮ್ಮಿಸುತ್ತಿತ್ತು. ವಿಮಾನ ಹೇಗೆ ತಿರುಗಿದರೂ ಅದಕ್ಕೆ ಬಾಧೆಯಿಲ್ಲ.

ಆದ್ದರಿಂದ ಬೆನ್ನಟ್ಟಿ ಬಂದ ಸ್ಪಿಟ್‌ಫೈರಿನಿಂದ ತಪ್ಪಿಸಿಕೊಳ್ಳಲು ಜರ್ಮನ್ ವೈಮಾನಿಕನು ಹಿಡಿಗೋಲನ್ನು ಮುಂದಕ್ಕೆ ನೂಕಿ ನೇರವಾಗಿ ಕೆಳಕ್ಕೆ ಧುಮುಕುತ್ತಿದ್ದನು. ಬ್ರಿಟಿಷ್ ವೈಮಾನಿಕನು ಅವನನ್ನು ಹಾಗೆಯೇ ಹಿಂಬಾಲಿಸುವಂತಿರಲಿಲ್ಲ. ಮೊದಲು ವಿಮಾನವನ್ನು ಮಗುಚಿ, ಅನಂತರ ಕೆಳಕ್ಕೆ ಎಳೆಯಬೇಕಾಗಿತ್ತು. ಆ ಒಂದೆರಡು ಕ್ಷಣಗಳಲ್ಲಿ ಬೇಟೆ ಕೈತಪ್ಪುತ್ತಿತ್ತು. ಫಾರ್ನ್‌ಬರೋದ ಸಂಶೋಧನಾಲಯದಲ್ಲಿದ್ದ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಎಂಜಿನಿಯರು ತೂತುಳ್ಳ ಒಂದು ಪುಟ್ಟ ಬಿಲ್ಲೆಯನ್ನು ಪೆಟ್ರೋಲಿನ ಹಾದಿಯಲ್ಲಿಟ್ಟು ಆ ನುಗ್ಗುವಿಕೆಯನ್ನು ತಡೆದರು. ಅದು ವಿಮಾನಗಳಿಗೆ ಬಂದದ್ದು 1941ರಲ್ಲಿ, ಹಿಂದಿನ ವರ್ಷದ ಕಾಳಗ ಮುಗಿದ ಮೇಲೆ. ಚಿತ್ರದಲ್ಲಿ ಎರಡು ಕಡೆಯೂ ಬಹುಮಟ್ಟಿಗೆ ಒಂದೇ ವಂಶದ, ಆ ವೇಳೆಗೆ ಸುಧಾರಣೆಗೊಂಡಿದ್ದ ಎಂಜಿನುಗಳು. ಧುಮುಕುವ ದೃಶ್ಯಗಳು ರಮ್ಯವಾಗಿವೆ. ಯಾರು ಏಕೆ ತಪ್ಪಿಸಿಕೊಂಡರೆಂಬುದು ಮಾತ್ರ ಅವುಗಳಿಂದ ತಿಳಿಯದು. ಆದರೂ ಆ ತಯಾರಕರನ್ನು ನಾನು ದೂರಲಾರೆ. ಬೇರೆ ದಾರಿ ಅವರಿಗಿರಲಿಲ್ಲ.

ಸ್ಪೇನಿನಲ್ಲಿಯೇ ತೆಗೆದ ಇನ್ನೊಂದು ಚಿತ್ರ, 1965ರ ‘ಬ್ಯಾಟ್ಲ್ ಆಫ್ ದ ಬಲ್ಜ್’, ಇಷ್ಟು ದಾಕ್ಷಿಣ್ಯಕ್ಕೆ ಅರ್ಹವಲ್ಲ. ಇದರ ವಸ್ತು ಬೆಲ್ಜಿಯಂ ಮತ್ತು ಲಕ್ಸೆಂಬರ್ಗಿನ ಆರ್ಡೆನ್ ಕಾಡುಗಳಲ್ಲಿ 1944ರ ಡಿಸೆಂಬರ್ 16ರಂದು ಜರ್ಮನರು ಆರಂಭಿಸಿದ ದಾಳಿ. ಜರ್ಮನರ ‘ಕಿಂಗ್ ಟೈಗರ್’ ಟ್ಯಾಂಕಿನ ಪಾತ್ರವನ್ನು ಸ್ಪೇನ್ ಸೈನ್ಯದಲ್ಲಿದ್ದ ಅಮೆರಿಕದ ಎಂ-47 ವಹಿಸಿದೆ. ಅದು ಹುಟ್ಟಿದ್ದೇ ಯುದ್ಧ ಮುಗಿದ ಬಳಿಕ. ಒಂದು ಚಿಕ್ಕ ಭಾಗಾಕಾರ ಮಾಡಿ ನೋಡಿರಿ. ಕಿಂಗ್ ಟೈಗರಿನ ತೂಕ ಸುಮಾರು 70 ಟನ್, ಎಂಜಿನು 700 ಅಶ್ವಶಕ್ತಿಯದು, ಟನ್ನಿಗೆ ಹತ್ತು. ಎಂ-47ರ ತೂಕ ಸುಮಾರು 46 ಟನ್, ಎಂಜಿನು 810 ಅಶ್ವಶಕ್ತಿಯದು. ಟನ್ನಿಗೆ ಹದಿನೇಳಕ್ಕೂ ಹೆಚ್ಚು. ಕಾಡಿನ ಇಕ್ಕಟ್ಟಾದ ರಸ್ತೆಗಳಲ್ಲಿ, ದುರ್ಬಲ ಸೇತುವೆಗಳ ಮೇಲೆ ತೆವಳಿದ ಭಾರವಾದ ಯಂತ್ರವು ಚಿತ್ರದ ಕೊನೆಯ ಕಾಳಗದಲ್ಲಿ ಹಿಮವೂ ಮರವೂ ಇಲ್ಲದ ಒಣ ಬಯಲಿನಲ್ಲಿ ಲೀಲಾಜಾಲವಾಗಿ ಓಡುತ್ತದೆ.

ನಿಜವಾದ ಕಿಂಗ್ ಟೈಗರ್ ಒಂದು ಬೆಲ್ಜಿಯಮ್ಮಿನ ಲಾ ಗ್ಲೇಝ್ ಗ್ರಾಮದಲ್ಲಿ ಈಗಲೂ ನಿಂತಿದೆ. ಪೆಟ್ರೋಲು ತೀರಿದ ಜರ್ಮನ್ ತುಕಡಿಯೊಂದು 1944ರ ಡಿಸೆಂಬರ್ 24ರಂದು ತನ್ನ ವಾಹನಗಳನ್ನೆಲ್ಲ ಅಲ್ಲಿಯೇ ಬಿಟ್ಟು ಕಾಲ್ನಡಿಗೆಯಿಂದ ಹಿಂದಿರುಗಿತು. ಆ ಟ್ಯಾಂಕಿನ ಒಂದು ಪಕ್ಕದಲ್ಲಿ ಒಂದರ ಮೇಲೊಂದು ಅಂಚು ಹೊದ್ದ ಒಂಬತ್ತು ದೊಡ್ಡ ಚಕ್ರಗಳಿವೆ. ಚಿತ್ರದ ಟ್ಯಾಂಕಿಗೆ ಬಿಡಿಬಿಡಿಯಾದ ಆರು.